ಮೊದಲು ಬಾವುಟ, ಆಮೇಲೆ ಚಾಪೆ: ಆಸ್ಟ್ರೇಲಿಯಾದ ಅಲೆ ಬೀಚಿಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಸಿಡ್ನಿ, ಮೆಲ್ಬರ್ನ್ ಕಡೆಯ ನಮ್ಮವರು ಬೀಚಿಗೆ ಹೋಗುವ ರೀತಿ ಹೆಚ್ಚುಕಮ್ಮಿ ಒಂದೇ. ಕಾರು ನಿಲ್ಲಿಸಲು ಜಾಗ ಸಿಕ್ಕ ಕಡೆ ಇಳಿಯುತ್ತಾರೆ. ಜನ ಕಮ್ಮಿ ಇರುವ ಕಡೆ ಚಾಪೆ ಹಾಸುತ್ತಾರೆ. ಪುಳಿಯೋಗರೆ ಡಬ್ಬಿ ಖಾಲಿಯಾದ ಮೇಲೆ ಚಾಪೆಯ ಎದುರಿಗೇ ನೀರಿಗೆ ಇಳಿಯುತ್ತಾರೆ. ಲೈಫ್‌ಗಾರ್ಡ್ ಕಾವಲಿರುವ ಜಾಗ ತೋರಿಸುವ ಕೆಂಪು-ಹಳದಿ ಬಾವುಟ ಎಲ್ಲೋ ದೂರದಲ್ಲಿ ಹಾರಾಡುತ್ತಿರುತ್ತದೆ. ಕೇಳಿದರೆ, "ನಾವೇನು ಈಜಲ್ಲವಲ್ಲ, ಸುಮ್ನೆ ಕಾಲು ಒದ್ದೆ ಮಾಡ್ಕೊಳ್ತೀವಿ" ಅನ್ನುತ್ತಾರೆ.

ಎಡವುವುದು ಇಲ್ಲೇ. ಅಷ್ಟು ದೊಡ್ಡ ಬೀಚಿನಲ್ಲಿ ಒಂದು ಕಡೆ ಮಾತ್ರ ಜನ ಕಮ್ಮಿ ಇದ್ದರೆ ಅದಕ್ಕೆ ಕಾರಣ ಇರುತ್ತದೆ. 2024ರ ಜನವರಿಯಲ್ಲಿ ವಿಕ್ಟೋರಿಯಾದ ಫಿಲಿಪ್ ಐಲ್ಯಾಂಡಿನ ಫಾರೆಸ್ಟ್ ಕೇವ್ಸ್ ಬೀಚಿನಲ್ಲಿ ಭಾರತೀಯ ಮೂಲದ ನಾಲ್ವರು ಮುಳುಗಿ ತೀರಿಕೊಂಡರು. ಅದು ಲೈಫ್‌ಗಾರ್ಡ್ ಕಾವಲು ಇಲ್ಲದ ಬೀಚು.

ಇಲ್ಲಿ ಸಿಡ್ನಿಯ ಬಾಂಡೈ ಬೀಚನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಊರಿಂದ ಬಂದ ಅಪ್ಪ-ಅಮ್ಮನನ್ನು ಎಲ್ಲರೂ ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ. ಬೇರೆ ಬೀಚಿಗೂ ಕ್ರಮ ಇದೇ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

1. ಹಿಂದಿನ ದಿನ: ಯಾವ ಬೀಚು, ಎಷ್ಟು ಗಂಟೆಗೆ?

ಬೀಚನ್ನು ಫೋಟೋ ನೋಡಿ ಆರಿಸಬೇಡಿ, ಕಾವಲು ನೋಡಿ ಆರಿಸಿ. ಸರ್ಫ್ ಲೈಫ್ ಸೇವಿಂಗ್ ಆಸ್ಟ್ರೇಲಿಯಾ ಸಂಸ್ಥೆಯ 'ಬೀಚ್‌ಸೇಫ್' ಎಂಬ ಆ್ಯಪ್ ಇದೆ, ದುಡ್ಡು ಕೊಡಬೇಕಿಲ್ಲ. ಬೀಚಿನ ಹೆಸರು ಹಾಕಿದರೆ ಇವತ್ತು ಲೈಫ್‌ಗಾರ್ಡ್ ಇದ್ದಾರಾ, ಎಷ್ಟರಿಂದ ಎಷ್ಟರವರೆಗೆ, ಅಲೆ ಎಷ್ಟು ಎತ್ತರ, ಗಾಳಿ ಯಾವ ಕಡೆಯದು, ಎಲ್ಲ ಕಾಣಿಸುತ್ತದೆ. ಆ ಬೀಚು ಎಷ್ಟು ಅಪಾಯಕಾರಿ ಎಂದು 1ರಿಂದ 10ರೊಳಗೆ ಒಂದು ಅಂಕವನ್ನೂ ಕೊಟ್ಟಿರುತ್ತಾರೆ. 10 ಎಂದರೆ ಅತಿ ಅಪಾಯ.

ಕಾವಲು ಎಲ್ಲ ಕಡೆ, ಎಲ್ಲ ದಿನ ಇರುವುದಿಲ್ಲ. ಬಾಂಡೈನಲ್ಲಿ ಕೌನ್ಸಿಲ್‌ನ ಸಂಬಳದ ಲೈಫ್‌ಗಾರ್ಡ್‌ಗಳು ನೀಲಿ ಅಂಗಿ ಹಾಕಿಕೊಂಡು ವರ್ಷವಿಡೀ ಇರುತ್ತಾರೆ. ನ್ಯೂ ಸೌತ್ ವೇಲ್ಸ್‌ನ ಎಷ್ಟೋ ಬೀಚುಗಳಲ್ಲಿ ಹಾಗಿಲ್ಲ. ಅಲ್ಲಿ ಕೆಂಪು-ಹಳದಿ ಬಟ್ಟೆಯ ಸ್ವಯಂಸೇವಕರು ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ಶನಿವಾರ, ಭಾನುವಾರ, ರಜೆಯ ದಿನ ನೋಡಿಕೊಳ್ಳುತ್ತಾರೆ. ವಿಕ್ಟೋರಿಯಾದಲ್ಲಿ ಶುರುವಾಗುವುದೇ ನವೆಂಬರ್ ಹೊತ್ತಿಗೆ. ಅಂದರೆ ಹೋದ ಭಾನುವಾರ ಬಾವುಟ ಇದ್ದ ಬೀಚಿನಲ್ಲಿ ಈ ಬುಧವಾರ ಯಾರೂ ಇಲ್ಲದಿರಬಹುದು. ಪ್ರತಿ ಸಲವೂ ನೋಡಿಕೊಂಡೇ ಹೊರಡಿ.

ನಿಮ್ಮ ಜೊತೆ ಯಾರು ಬರುತ್ತಾರೆ ಎನ್ನುವುದೂ ಮುಖ್ಯ. ಚಿಕ್ಕ ಮಕ್ಕಳಿದ್ದರೆ ಬಾಂಡೈನ ಉತ್ತರದ ತುದಿ ಪರವಾಗಿಲ್ಲ, ಅಲ್ಲಿ ಅಲೆ ಮೆತ್ತಗೆ. ದಕ್ಷಿಣದ ತುದಿ ಬೇಡವೇ ಬೇಡ. ಹತ್ತಿರದ ಟಾಮರಾಮಾ ನೋಡಲು ಪುಟ್ಟದಾಗಿ, ಮುದ್ದಾಗಿ ಇದೆ. ಆದರೆ ಸಿಡ್ನಿಯ ಅಪಾಯಕಾರಿ ಬೀಚುಗಳ ಸಾಲಿನಲ್ಲಿ ಅದರ ಹೆಸರು ಮುಂದಿದೆ. ಸಮುದ್ರ ನೋಡಿದರೆ ಸಾಕು, ಅಲೆ ಬೇಡ ಅನ್ನುವವರಿಗೆ ಬಂದರಿನ ಒಳಗಿರುವ ಬಾಲ್ಮೋರಲ್ ಒಳ್ಳೆಯದು. ಬ್ರಾಂಟೆ, ಕೂಜಿ ಕಡೆ ಬಂಡೆಗೆ ಅಂಟಿಕೊಂಡಂತೆ ಸಮುದ್ರದ ನೀರಿನ ಈಜುಕೊಳಗಳಿವೆ. ನನ್ನನ್ನು ಕೇಳಿದರೆ, ಅರವತ್ತು ದಾಟಿದ ಅಪ್ಪ-ಅಮ್ಮನಿಗೆ ಬಾಂಡೈಗಿಂತ ಅವೇ ವಾಸಿ.

2. ಚೀಲದಲ್ಲಿ ಏನಿರಬೇಕು, ಮೈಮೇಲೆ ಏನಿರಬಾರದು

ಎಸ್‌ಪಿಎಫ್ 50+ ಸನ್‌ಸ್ಕ್ರೀನ್, ಅಗಲ ಅಂಚಿನ ಟೋಪಿ, ತಂಪು ಕನ್ನಡಕ, ಒಬ್ಬೊಬ್ಬರಿಗೆ ಒಂದೊಂದು ಲೀಟರ್ ಕುಡಿಯುವ ನೀರು, ಟವೆಲ್, ಒಣ ಬಟ್ಟೆ, ಚಾರ್ಜ್ ಇರುವ ಫೋನ್. ಇಷ್ಟಿದ್ದರೆ ನಡೆಯುತ್ತದೆ. ಮಕ್ಕಳಿಗೆ ಎದ್ದು ಕಾಣುವ ಬಣ್ಣದ ಈಜುಡುಗೆ ಕೊಡಿಸಿ. ಕಿತ್ತಳೆ, ಗುಲಾಬಿ, ಗಿಳಿಹಸಿರು ಆದೀತು. ನೀಲಿ, ಬಿಳಿ, ಬೂದು ಬಣ್ಣ ನೀರಲ್ಲಿ ಕಾಣುವುದೇ ಇಲ್ಲ.

ತೊಂದರೆ ಜಾಸ್ತಿ ಆಗುವುದು ಬಟ್ಟೆಯಿಂದ. ಜೀನ್ಸ್, ಚೂಡಿದಾರ್, ಸೀರೆ ತೊಟ್ಟು ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಬಾರದು. ಐದೂವರೆ ಮೀಟರ್ ಸೀರೆ ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಅಲೆ ಬಂದಾಗ ಹೆಜ್ಜೆ ಹಿಂದಕ್ಕೆ ಇಡಲೂ ಆಗುವುದಿಲ್ಲ. ಮೈ ಮುಚ್ಚುವ ಬಟ್ಟೆಯೇ ಬೇಕು ಅನ್ನುವವರಿಗೆ ಉದ್ದ ತೋಳಿನ ಈಜು ಅಂಗಿಯಾದ ರ‍್ಯಾಶಿ, ಕಾಲಿನವರೆಗಿನ ಈಜು ಲೆಗ್ಗಿಂಗ್ಸ್ ಕೇಮಾರ್ಟ್‌ನಂಥ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಅದರಲ್ಲಿ ಮುಜುಗರ ಏನಿಲ್ಲ. ಬಿಸಿಲಿಗೆ ಹೆದರಿ ಇಲ್ಲಿನವರೂ ಅದನ್ನೇ ಹಾಕುತ್ತಾರೆ.

ಗಾಳಿ ತುಂಬಿದ ಬಾತುಕೋಳಿ, ಟ್ಯೂಬು, ಮಕ್ಕಳ ತೋಳಿಗೆ ಕಟ್ಟುವ ಬಲೂನು ಮನೆಯಲ್ಲೇ ಇರಲಿ. ನೆಲದ ಕಡೆಯಿಂದ ಗಾಳಿ ಬೀಸಿದರೆ ಅವು ಮಗುವಿನ ಸಮೇತ ಒಳಕ್ಕೆ ಹೋಗುತ್ತವೆ. ಮಂಗಳಸೂತ್ರ, ಉಂಗುರ, ಬಳೆಯನ್ನೂ ಮನೆಯಲ್ಲೇ ತೆಗೆದಿಟ್ಟು ಬನ್ನಿ. ತಣ್ಣನೆ ನೀರಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ. ಮರಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಬಾಂಡೈಗೆ ಕಾರು ಬೇಡ. ಪಾರ್ಕಿಂಗ್ ದುಬಾರಿ, ಸಿಗುವುದೂ ಕಷ್ಟ. ಬಾಂಡೈ ಜಂಕ್ಷನ್‌ವರೆಗೆ ರೈಲು, ಅಲ್ಲಿಂದ 333 ನಂಬರಿನ ಬಸ್ಸು.

3. ತಲುಪಿದ ಮೇಲೆ ಮೊದಲ ಹತ್ತು ನಿಮಿಷ: ಮರಳಿಗೆ ಇಳಿಯಬೇಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಬೀಚಿನ ಹಿಂದೆ ಎತ್ತರದ ಕಟ್ಟೆ, ಕಾಲುದಾರಿ ಇರುತ್ತದೆ. ಅಲ್ಲೇ ನಿಂತು ನೀರು ನೋಡಿ. ಕೆಳಗಿಳಿದ ಮೇಲೆ ಅಲೆಯ ಮುಖ ಮಾತ್ರ ಕಾಣುತ್ತದೆ. ಅದರ ಹಿಂದಿನ ನೀರು ಏನು ಮಾಡುತ್ತಿದೆ ಎಂದು ತಿಳಿಯುವುದು ಮೇಲಿಂದಲೇ.

ಮೊದಲು ಬಿಳಿ ನೊರೆ ಎಲ್ಲಿದೆ ನೋಡಿ. ಅಲೆ ಒಡೆಯುವುದು ತಳದಲ್ಲಿ ಮರಳು ದಿಬ್ಬ ಇರುವ ಕಡೆ, ಅಂದರೆ ಆಳ ಕಮ್ಮಿ ಇರುವ ಕಡೆ. ಆಮೇಲೆ ಎರಡು ನೊರೆಯ ಪಟ್ಟಿಗಳ ನಡುವೆ ನೊರೆಯೇ ಇಲ್ಲದ ಓಣಿ ಇದೆಯಾ ನೋಡಿ. ಅಲ್ಲಿ ನೀರಿನ ಬಣ್ಣ ಕಡು ಹಸಿರು ಅಥವಾ ಕಡು ನೀಲಿ. ಅಲೆ ಒಡೆಯುವುದಿಲ್ಲ, ಮೇಲ್ಮೈ ಮಾತ್ರ ಸಣ್ಣಗೆ ನಡುಗುತ್ತಿರುತ್ತದೆ. ಕೆಲವೊಮ್ಮೆ ಮರಳು ಕದಡಿದ ಕಂದು ನೀರು, ಪಾಚಿ, ನೊರೆಯ ಚೂರು ದಡದಿಂದ ಒಳಕ್ಕೆ ಸಾಗುತ್ತಿರುವುದು ಕಾಣುತ್ತದೆ. ಅದೇ ರಿಪ್. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಸಮುದ್ರಕ್ಕೆ ಮರಳುವ ದಾರಿ ಅದು.

ಹೊಸಬರ ಕಣ್ಣಿಗೆ ಇದೇ ಶಾಂತವಾದ ಜಾಗ. "ಅಲ್ಲಿ ಅಲೆ ಜೋರು, ಇಲ್ಲಿ ಇಳಿಯೋಣ, ಮಕ್ಕಳಿಗೆ ಒಳ್ಳೇದು" ಎಂದು ನೇರ ಅಲ್ಲಿಗೇ ಹೋಗುತ್ತಾರೆ. ಬಾಂಡೈನ ದಕ್ಷಿಣ ತುದಿಯಲ್ಲಿ ಬಂಡೆಯ ಪಕ್ಕ ಇಂಥದ್ದೊಂದು ಸೆಳವು ಸದಾ ಇರುತ್ತದೆ. ಹೊರಗಿನವರೇ ಅದಕ್ಕೆ ಸಿಕ್ಕಿಬೀಳುವುದರಿಂದ ಅದರ ಹೆಸರೇ ಬ್ಯಾಕ್‌ಪ್ಯಾಕರ್ಸ್ ರಿಪ್.

ಹತ್ತು ನಿಮಿಷ ಯಾಕೆ ಬೇಕು ಅಂದರೆ, ಅಲೆಗಳು ಗುಂಪಾಗಿ ಬರುತ್ತವೆ. ಐದು ನಿಮಿಷ ಸಣ್ಣವೇ ಬಂದು, ಆಮೇಲೆ ಸಾಲಾಗಿ ಮೂರೋ ನಾಲ್ಕೋ ದೊಡ್ಡವು ಬರಬಹುದು. ಒಂದು ದೊಡ್ಡ ಗುಂಪನ್ನಾದರೂ ನೋಡದೆ ಇಳಿಯಬೇಡಿ.

4. ಬಾವುಟ ಹುಡುಕಿ, ಲೈಫ್‌ಗಾರ್ಡ್ ಹತ್ತಿರ ಮಾತಾಡಿ

ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟ ನೆಟ್ಟಿದ್ದರೆ ಅವೆರಡರ ನಡುವೆ ಮಾತ್ರ ನೀರಿಗೆ ಇಳಿಯಬೇಕು. ಕಾಲು ಒದ್ದೆ ಮಾಡಿಕೊಳ್ಳುವುದಕ್ಕೂ ಇದೇ ನಿಯಮ. ಬರೀ ಹಳದಿ ಇದ್ದರೆ ಅಪಾಯ ಜಾಸ್ತಿ, ಈಜು ಚೆನ್ನಾಗಿ ಬಾರದವರು ಇಳಿಯಬೇಡಿ. ಬರೀ ಕೆಂಪು ಇದ್ದರೆ ಯಾರೂ ಇಳಿಯುವಂತಿಲ್ಲ. ಕೆಂಪು-ಬಿಳಿ ಚೌಕದ ಬಾವುಟ ಅಲ್ಲಾಡಿಸಿದರೆ, ಸೈರನ್ ಕೂಗಿದರೆ ತಕ್ಷಣ ಹೊರಗೆ ಬನ್ನಿ. ಶಾರ್ಕ್ ಕಂಡಿರಬಹುದು, ಬೇರೆ ಏನೋ ಇರಬಹುದು. ಕಾರಣ ದಡದಲ್ಲಿ ಕೇಳಿಕೊಂಡರಾಯಿತು. ಕಪ್ಪು-ಬಿಳಿ ಚೌಕದ ಬಾವುಟ ಸರ್ಫ್ ಹಲಗೆಯವರ ಗಡಿ. ಆ ಕಡೆ ಹೋದರೆ ಹಲಗೆ ತಲೆಗೆ ಬಡಿಯುತ್ತದೆ.

ಬಾವುಟವೇ ಕಾಣದಿದ್ದರೆ? ನೀರಿಗೆ ಇಳಿಯಬೇಡಿ. ಐಸ್‌ಕ್ರೀಮ್ ತಿಂದು, ಮರಳಲ್ಲಿ ಆಡಿ, ವಾಪಸ್ ಬನ್ನಿ.

ಈಗ ಆ ಬಾವುಟದ ಎದುರಿಗೆ ಚಾಪೆ ಹಾಸಿ. ಜನ ಜಾಸ್ತಿ ಇರುತ್ತಾರೆ, ಗಲಾಟೆ ಇರುತ್ತದೆ, ಚಿತ್ರಾನ್ನಕ್ಕೆ ಮರಳು ಬೀಳುತ್ತದೆ. ಸೀಗಲ್ ಹಕ್ಕಿಗಳು ಕೈಯಲ್ಲಿದ್ದ ಬಜ್ಜಿಯನ್ನೇ ಕಿತ್ತುಕೊಂಡು ಹೋಗುತ್ತವೆ. ಇರಲಿ. ಚಾಪೆ ಬಾವುಟದ ಎದುರಿಗಿದ್ದರೆ ಮಕ್ಕಳು ಓಡಿ ಇಳಿಯುವುದೂ ಅಲ್ಲಿಗೇ.

ಮರಳು ದಿಬ್ಬ ಸರಿದ ಹಾಗೆ, ರಿಪ್ ಜಾಗ ಬದಲಾದ ಹಾಗೆ ಲೈಫ್‌ಗಾರ್ಡ್‌ಗಳು ಬಾವುಟ ಕಿತ್ತು ಬೇರೆ ಕಡೆ ನೆಡುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಇದ್ದ ಜಾಗದಲ್ಲಿ ಮಧ್ಯಾಹ್ನ ಎರಡಕ್ಕೆ ಇರಬೇಕೆಂದಿಲ್ಲ. ಊಟ ಮುಗಿಸಿ ಮತ್ತೆ ಇಳಿಯುವಾಗ ಇನ್ನೊಮ್ಮೆ ನೋಡಿ.

ಲೈಫ್‌ಗಾರ್ಡ್ ಹತ್ತಿರ ಹೋಗಿ ಕೇಳುವುದಕ್ಕೆ ಸಂಕೋಚ ಬೇಡ. "ನಮಗೆ ಈಜು ಬರಲ್ಲ, ಮಕ್ಕಳಿದ್ದಾರೆ, ಇವತ್ತು ಎಲ್ಲಿ ನಿಲ್ಲಬಹುದು?" ಅಷ್ಟು ಸಾಕು. ಬೈಯುತ್ತಾರೆ ಎಂದು ನಮ್ಮವರು ದೂರ ಇರುತ್ತಾರೆ. ಹತ್ತಿರ ಬಂದು ಕೇಳಿದವರ ಮೇಲೆ ಅವರು ಒಂದು ಕಣ್ಣು ಇಟ್ಟಿರುತ್ತಾರೆ, ಗೊತ್ತಾ?

5. ನೀರಿಗೆ ಇಳಿಯುವುದು

ಊರಿನ ಬಾವಿಯಲ್ಲಿ, ಅಪಾರ್ಟ್‌ಮೆಂಟಿನ ಕೊಳದಲ್ಲಿ ಈಜು ಕಲಿತವರಿಗೆ ಇಲ್ಲಿ ಹೊಸದು ಅಂದರೆ ನೀರಿನ ತಳ್ಳಾಟ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಸಮುದ್ರದ ನೀರು ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ಸೊಂಟದೆತ್ತರದ ಅಲೆ ದೊಡ್ಡವರನ್ನೂ ಉರುಳಿಸುವುದು ಅದಕ್ಕೇ.

ಮೊಣಕಾಲು ನೀರಲ್ಲಿ ನಿಂತು ಎರಡು ಅಲೆ ಹೋಗಲು ಬಿಡಿ. ಅಲೆ ವಾಪಸ್ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳು ಕರಗಿ, ಕಾಲು ಹುಗಿದು, ಮೈ ಹಿಂದಕ್ಕೆ ವಾಲುತ್ತದೆ. ಆ ಎಳೆತ ಎಷ್ಟು ಜೋರಿದೆ ಅಂತ ಇಲ್ಲೇ ಅಳೆದುಕೊಳ್ಳಿ. ಮೊಣಕಾಲಲ್ಲೇ ತೂಕ ತಪ್ಪಿದರೆ ಆವತ್ತಿನ ಮಟ್ಟಿಗೆ ಮುಂದೆ ಹೋಗುವುದು ಬೇಡ. ಈಜು ಬಾರದವರು ಯಾವತ್ತೂ ಇದಕ್ಕಿಂತ ಮುಂದೆ ಹೋಗಬಾರದು.

ಅಲೆಗೆ ಬೆನ್ನು ತಿರುಗಿಸಬೇಡಿ. ಫೋಟೋಗೆ ನಿಂತವರು ಉರುಳುವುದು ಇದರಿಂದಲೇ. ದಡಕ್ಕೆ ಮುಖ ಮಾಡಿ ನಗುತ್ತಿರುತ್ತಾರೆ, ಅಲೆ ಹಿಂದಿನಿಂದ ಮಂಡಿಗೆ ಹೊಡೆಯುತ್ತದೆ. ಅಲೆಗೆ ಪಕ್ಕೆ ಕೊಟ್ಟು, ಕಾಲು ಅಗಲಿಸಿ, ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲಿ. ಸಣ್ಣ ಅಲೆಗೆ ಜಿಗಿಯಬಹುದು. ಎದೆಗಿಂತ ಎತ್ತರದ್ದು ಬಂದರೆ ಉಸಿರು ಹಿಡಿದು ಅದರ ಅಡಿಯಲ್ಲಿ ಮುಳುಗಿ ಏಳುವುದು ಈಜು ಬಲ್ಲವರ ಉಪಾಯ.

ಅಲೆಯ ಜಾತಿಯನ್ನೂ ಗಮನಿಸಿ. ಮೇಲಿಂದ ನೊರೆ ಚೆಲ್ಲುತ್ತಾ ನಿಧಾನವಾಗಿ ಬರುವುದು ಸಾಧು. ದಡದ ಹತ್ತಿರ ಗೋಡೆಯ ಹಾಗೆ ಎದ್ದು ದೊಪ್ಪನೆ ಬೀಳುವುದು ಕತ್ತು ಮುರಿಯುತ್ತದೆ. ಕೂಜಿ ಬೀಚು ಇಂಥ ಅಲೆಗೆ ಕುಖ್ಯಾತ. ಇಂಥ ದಿನ ದಡದಂಚಿನಲ್ಲಿ ಆಡುವುದೇ ಬೇಡ. ತಳ ಕಾಣದ ನೀರಿಗೆ ತಲೆ ಮುಂದೆ ಮಾಡಿ ಹಾರುವುದಂತೂ ಯಾವತ್ತೂ ಬೇಡ.

ಇನ್ನೊಂದು ವಿಷಯ. ನೀರು ನಿಮ್ಮನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸುತ್ತಿರುತ್ತದೆ. ಎರಡು ನಿಮಿಷಕ್ಕೊಮ್ಮೆ ತಲೆ ಎತ್ತಿ ನೋಡಿ. ಬಾವುಟ ದಾಟಿದ್ದರೆ ಈಜಿ ವಾಪಸ್ ಬರುವ ಸಾಹಸ ಬೇಡ. ಹೊರಗೆ ಬಂದು, ಮರಳಿನ ಮೇಲೆ ನಡೆದು, ಮತ್ತೆ ಇಳಿಯಿರಿ. ಲೈಫ್‌ಗಾರ್ಡ್ ಶಿಳ್ಳೆ ಹೊಡೆದು ಕೈ ಬೀಸುತ್ತಿದ್ದರೆ ಅದು ನಿಮಗೇ ಇರಬಹುದು.

6. ಮಕ್ಕಳು, ಹಿರಿಯರು

ನೀರಿನ ಹತ್ತಿರ ಇರುವ ಚಿಕ್ಕ ಮಗು ಕೈಗೆಟುಕುವ ದೂರದಲ್ಲೇ ಇರಬೇಕು. ದೊಡ್ಡ ಗುಂಪಲ್ಲಿ ಹೋದಾಗ ಮಕ್ಕಳು ಕಣ್ತಪ್ಪುವುದು ಜಾಸ್ತಿ. ಎಂಟು ಜನ ದೊಡ್ಡವರಿರುತ್ತಾರೆ, ಬೇರೆಯವರು ನೋಡುತ್ತಿದ್ದಾರೆ ಎಂದು ಎಂಟೂ ಜನ ಅಂದುಕೊಂಡಿರುತ್ತಾರೆ. ಹೆಸರು ಹೇಳಿ ಒಪ್ಪಿಸಿ. "ಭಾವ, ಈಗ ಅರ್ಧ ಗಂಟೆ ನೀವು, ಆಮೇಲೆ ನಾನು." ಸರದಿಯಲ್ಲಿ ಇರುವವರ ಕೈಯಲ್ಲಿ ಫೋನ್ ಇರಬಾರದು, ಬಿಯರ್ ಕೂಡ. ಬಾಂಡೈ ಬೀಚಿನಲ್ಲಿ ಮದ್ಯ ಕುಡಿಯುವಂತೆಯೂ ಇಲ್ಲ.

ಮಗು ಕಾಣದಿದ್ದರೆ ನೀವೇ ಇಡೀ ಬೀಚು ಹುಡುಕುತ್ತಾ ಹೊತ್ತು ಕಳೆಯಬೇಡಿ. ಒಬ್ಬರು ನೇರ ಲೈಫ್‌ಗಾರ್ಡ್ ಹತ್ತಿರ ಓಡಿ. ವಯಸ್ಸು, ಬಟ್ಟೆಯ ಬಣ್ಣ, ಕೊನೆಗೆ ಕಂಡ ಜಾಗ ಹೇಳಿ.

ಹಿರಿಯರಿಗೆ ಬಂಡೆಗಳ ಬಗ್ಗೆ ಮೊದಲೇ ಹೇಳಿಡಿ. ನೀರು ಬೇಡ ಎಂದು ಫೋಟೋಗೆ ಬಂಡೆ ಹತ್ತುತ್ತಾರೆ. ಬಂಡೆ ಒದ್ದೆಯಾಗಿದ್ದರೆ ಅಲೆ ಅಲ್ಲಿವರೆಗೆ ಬಂದಿದೆ ಎಂದೇ ಅರ್ಥ, ಮತ್ತೆ ಬರುತ್ತದೆ.

7. ರಿಪ್ ಎಳೆದುಕೊಂಡು ಹೋದರೆ

ರಿಪ್ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ಮುಳುಗಿಸುವುದು ಸುಸ್ತು ಮತ್ತು ಗಾಬರಿ. ಜೋರಾದ ರಿಪ್ ಸೆಕೆಂಡಿಗೆ ಎರಡು ಮೀಟರ್‌ವರೆಗೆ ಓಡಬಲ್ಲದು. ಅದರ ಎದುರು ನೇರ ದಡಕ್ಕೆ ಈಜಿದರೆ ಇದ್ದಲ್ಲೇ ಇರುತ್ತೀರಿ, ಕೈ ಸೋಲುತ್ತದೆ.

ಮಾಡಬೇಕಾದ್ದು ಈ ಕ್ರಮದಲ್ಲಿ:

1. ಅಂಗಾತ ಮಲಗಿ ತೇಲಿ. ಬಾಯಿ, ಮೂಗು ಮೇಲಿದ್ದರೆ ಸಾಕು. ಉಪ್ಪು ನೀರು ಕೊಳದ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ.
2. ಒಂದು ಕೈ ನೇರ ಮೇಲೆತ್ತಿ, ಕೂಗಿ. ಬಾವುಟದ ನಡುವೆ ಇಳಿದಿದ್ದರೆ ಯಾರೋ ನೋಡುತ್ತಿರುತ್ತಾರೆ.
3. ಈಜು ಚೆನ್ನಾಗಿ ಬಂದು, ಶಕ್ತಿಯೂ ಇದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಈಜಿ. ಅಲ್ಲಿ ಆಳ ಕಮ್ಮಿ, ಅಲೆಯೇ ದಡಕ್ಕೆ ತಳ್ಳುತ್ತದೆ.
4. ಆಗುತ್ತಿಲ್ಲ ಅನಿಸಿದರೆ ಮತ್ತೆ ತೇಲಿ. ಕೆಲವು ರಿಪ್‌ಗಳು ಸುತ್ತು ಹೊಡೆದು ದಡದ ಕಡೆಗೇ ತಂದುಬಿಡುತ್ತವೆ.

ಅಂಗಾತ ತೇಲಲು ಬರುತ್ತದಾ ಎಂದು ಪರೀಕ್ಷೆ ಮಾಡುವ ಜಾಗ ಸಮುದ್ರ ಅಲ್ಲ. ಹತ್ತಿರದ ಈಜುಕೊಳದಲ್ಲಿ ಮೊದಲೇ ಅಭ್ಯಾಸ ಮಾಡಿ. ಎರಡು ಮೂರು ನಿಮಿಷ ಕೈಕಾಲು ಬಡಿಯದೆ ತೇಲಲು ಆಗದವರು ಸಮುದ್ರದಲ್ಲಿ ಮೊಣಕಾಲು ನೀರಿಗೇ ನಿಲ್ಲಬೇಕು.

8. ಬೇರೆಯವರು ಮುಳುಗುತ್ತಿದ್ದರೆ

ಮಗು ಒದ್ದಾಡುವುದು ಕಂಡ ಕೂಡಲೇ ಅಪ್ಪ ಹಾರುತ್ತಾರೆ, ಅಪ್ಪನ ಹಿಂದೆ ಚಿಕ್ಕಪ್ಪ. ಒಂದು ಸಾವು ಮೂರಾಗುವುದು ಹೀಗೆ. ಕರುಳು ಕೇಳುವುದಿಲ್ಲ, ನಿಜ. ಆದರೂ ಮೊದಲು ಲೈಫ್‌ಗಾರ್ಡ್‌ಗೆ ಕೂಗಿ. ಯಾರೂ ಇಲ್ಲದಿದ್ದರೆ ಇಲ್ಲಿನ ತುರ್ತು ನಂಬರ್ 000ಕ್ಕೆ ಫೋನ್ ಮಾಡಿ. ಗಾಬರಿಯಲ್ಲಿ ಊರಿನ ಅಭ್ಯಾಸದಂತೆ ಮೊಬೈಲಲ್ಲಿ 112 ಒತ್ತಿದರೂ ಅಲ್ಲಿಗೇ ಹೋಗುತ್ತದೆ. ಆಮೇಲೆ ತೇಲುವ ವಸ್ತು ಎಸೆಯಿರಿ. ಬಾಡಿಬೋರ್ಡ್, ಫುಟ್‌ಬಾಲ್, ಐಸ್ ಪೆಟ್ಟಿಗೆಯ ಮುಚ್ಚಳ, ಏನಾದರೂ ಸರಿ. ಅವರ ಮೇಲಿನ ಕಣ್ಣು ತೆಗೆಯದೆ ಒಬ್ಬರು ಬೆರಳು ತೋರಿಸುತ್ತಾ ನಿಂತಿರಿ. ಅಲೆಗಳ ನಡುವೆ ತಲೆಯೊಂದು ಕಳೆದುಹೋಗಲು ಒಂದು ಕ್ಷಣ ಸಾಕು.

ನಿಜವಾಗಿ ಮುಳುಗುವವರು ಕೂಗಾಡುವುದು ಕಮ್ಮಿ. ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಕೂದಲು ಕಣ್ಣಿನ ಮೇಲಿರುತ್ತದೆ, ಕೈ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ತಕ್ಷಣ ನೋಡಿ.

9. ಕುಟುಕು, ಬಿಸಿಲು

ಸಿಡ್ನಿಯಲ್ಲಿ ಬೇಸಿಗೆಯ ಈಶಾನ್ಯ ಗಾಳಿ ಬ್ಲೂಬಾಟಲ್ ಎಂಬ ನೀಲಿ ಲೋಳೆಜೀವಿಗಳನ್ನು ದಡಕ್ಕೆ ತರುತ್ತದೆ. ಮರಳಿನ ಮೇಲೆ ಸಣ್ಣ ನೀಲಿ ಬಲೂನುಗಳು ಬಿದ್ದಿದ್ದರೆ ನೀರಲ್ಲೂ ಇವೆ ಎಂದು ತಿಳಿಯಿರಿ. ಸತ್ತದ್ದನ್ನೂ ಮುಟ್ಟಬೇಡಿ. ಕುಟುಕಿದರೆ ಉಜ್ಜಬೇಡಿ. ಅಂಟಿದ ದಾರವನ್ನು ತೆಗೆದು, ಸಮುದ್ರದ ನೀರಲ್ಲೇ ತೊಳೆದು, ತಡೆಯುವಷ್ಟು ಬಿಸಿ ನೀರಲ್ಲಿ 20 ನಿಮಿಷ ಇಡಿ. 45 ಡಿಗ್ರಿ ಮೀರಬಾರದು. ಬಿಸಿ ನೀರಿಲ್ಲದಿದ್ದರೆ ಐಸ್. ವಿನೆಗರ್ ಇದಕ್ಕಲ್ಲ. ಅದು ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗದ ಬಾಕ್ಸ್ ಜೆಲ್ಲಿಫಿಶ್‌ಗೆ. ಆ ಕಡೆ ನವೆಂಬರ್‌ನಿಂದ ಮೇವರೆಗೆ ಅವುಗಳ ಕಾಟ. ಕುಟುಕಿದರೆ ಪ್ರಾಣಕ್ಕೇ ಅಪಾಯ, ಮೊದಲು 000. ಕುಟುಕಿದ ಮೇಲೆ ಉಸಿರಾಟ ಕಷ್ಟವಾದರೆ ಎಲ್ಲಿದ್ದರೂ ಅದೇ ನಂಬರ್.

"ನಮ್ಮದು ಕಪ್ಪು ಚರ್ಮ, ಬಿಸಿಲು ಏನೂ ಮಾಡಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಅಳೆಯುವ ಯುವಿ ಸೂಚ್ಯಂಕ 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಕ್ಷಣೆ ಬೇಕು. ಸಿಡ್ನಿಯ ಬೇಸಿಗೆ ಮಧ್ಯಾಹ್ನ ಅದು 11 ದಾಟುವುದು ಸಾಮಾನ್ಯ. ಹೊರಡುವ 20 ನಿಮಿಷ ಮೊದಲು ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಿವಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಮರೆಯುವುದು ಜಾಸ್ತಿ.

10. ಬಾವುಟ ಕಿತ್ತ ಮೇಲೆ

ಸಂಜೆ ಕಾವಲಿನ ಹೊತ್ತು ಮುಗಿದಾಗ ಬಾವುಟ ತೆಗೆಯುತ್ತಾರೆ. ಬೇಸಿಗೆಯಲ್ಲಿ ಆಗಲೂ ಒಳ್ಳೆ ಬೆಳಕಿರುತ್ತದೆ, ನೀರು ಹಿತವಾಗಿರುತ್ತದೆ. "ಇನ್ನೊಂದೇ ಒಂದು ಸಲ" ಎಂದು ಮಕ್ಕಳು ಹಟ ಹಿಡಿಯುವುದೂ ಆಗಲೇ. ಬಿಡಬೇಡಿ. ಬಾಂಡೈ ಪೆವಿಲಿಯನ್‌ನಲ್ಲಿ ಬಟ್ಟೆ ಬದಲಾಯಿಸುವ ಕೋಣೆ ಇದೆ. ಬೇಸಿಗೆಯ ವಾರಾಂತ್ಯಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಅಲ್ಲೂ ಸಾಲು, 333ಕ್ಕೂ ಸಾಲು. ಬಾವುಟ ಕೀಳುವ ಅರ್ಧ ಗಂಟೆ ಮೊದಲೇ ಮಕ್ಕಳನ್ನು ನೀರಿಂದ ಎಬ್ಬಿಸಿದರೆ ಎರಡೂ ಸಾಲು ತಪ್ಪುತ್ತದೆ, ಹಟವೂ ಇರುವುದಿಲ್ಲ.